ರೌಹಿಯಾಳ ಅಪ್ಪ

ಕುವೈತ್
12 ಅಕ್ಟೋಬರ್ 1998

ಮಗಳು ರೌಹಿಯಾಳಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ನಿನ್ನಮ್ಮನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕ್ಷೇಮ ಸಮಾಚಾರ ಇಷ್ಟೇ. ಇವತ್ತು ಬೇರೆ ಮಾತಿದೆ.

ಮಹ್ರೂಸಣ್ಣನ ಕಾಗದ ಬಂತು. ಅವನಿಗೆ ಬರೆಯಲು ಬಾರದು, ಮಸೀದಿಯ ಮೇಷ್ಟ್ರ ಕೈಲಿ ಬರೆಸಿದ್ದಾನೆ. ನಮ್ಮ ಮನೆಯ ಮಾತು ಮೇಷ್ಟ್ರ ತನಕ ಹೋಗಿದೆ ಅಂದಮೇಲೆ ಊರಿಗೆಲ್ಲ ಹೋಗಿದೆ ಎಂದೇ ಲೆಕ್ಕ. ನೀನು ಆರೋಗ್ಯ ಘಟಕದ ಚೀಲ ಹೆಗಲಿಗೇರಿಸಿ ಮನೆಮನೆ ಸುತ್ತುವುದಕ್ಕೆ ಅವನ ತಕರಾರಿಲ್ಲ. ಮಕ್ಕಳಿಗೆ ಲಸಿಕೆ ಹಾಕಿಸಿ ಎನ್ನು, ಬಸುರಿಯರಿಗೆ ಮಾತ್ರೆ ಕೊಡು, ಯಾರು ಬೇಡ ಅಂದರು? ಆದರೆ ಹಮ್ದಾನನ ಹೆಂಡತಿಯ ತಲೆ ಕೆಡಿಸಿ, ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮೈಮೇಲಿನ ಗಾಯ ತೋರಿಸಿದೆಯಂತೆ. ಅದಾದಮೇಲೆ ಅವಳು ತವರಿಗೆ ಹೋಗಿ ಕೂತಳಂತೆ. ಗಂಡ ಹೆಂಡಿರ ನಡುವೆ ನಿನಗೇನು ಕೆಲಸ?

ಹಮ್ದಾನ ಬೇರೆ ಯಾರೋ ಅಲ್ಲ, ನಿನ್ನ ದೊಡ್ಡಪ್ಪ ಮಹ್ರೂಸಣ್ಣನ ಮಗ, ನಿನಗೆ ಅಣ್ಣ. ನಮ್ಮಪ್ಪ ತೀರಿಹೋದಾಗ ನನ್ನನ್ನು ಸಾಕಿದವನು ಮಹ್ರೂಸಣ್ಣ. ಅವನ ತಟ್ಟೆಯಲ್ಲಿ ಉಂಡು ದೊಡ್ಡವನಾದೆ. ನಾನು ಅವನೆದುರು ತಲೆ ಎತ್ತಿ ಮಾತಾಡಿದವನಲ್ಲ. ನನ್ನ ಮಗಳು ಅವನ ಮನೆ ಒಡೆದಳು ಎಂದು ಅವನಿಂದ ಕೇಳಬೇಕಾಯಿತು.

ನಿನಗೆ ಮದುವೆಯ ವಯಸ್ಸು ದಾಟುತ್ತಿದೆ. ಇಂಥ ಹೆಸರು ಬಂದರೆ ಯಾರು ಕೇಳಿಕೊಂಡು ಬರುತ್ತಾರೆ? ಚೀಲ ಘಟಕಕ್ಕೆ ವಾಪಸು ಕೊಡು. ಇದು ಕೇಳಿಕೊಳ್ಳುತ್ತಿರುವುದಲ್ಲ, ಹೇಳುತ್ತಿರುವುದು.

ನಿನ್ನ ಅಪ್ಪ,
ಶಹಾತ

*

ನಜಾ ಸವಾಖಿ, ಕೆನಾ
20 ನವೆಂಬರ್ 1998

ಪ್ರೀತಿಯ ಅಪ್ಪನಿಗೆ ರೌಹಿಯಾ ಮಾಡುವ ಸಲಾಮುಗಳು.

ನಿಮ್ಮ ಕಾಗದವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ, ಬೈಗುಳ ಬಿಡದೆ. ಅಮ್ಮ ಅಂದದ್ದು: "ನಾನೂ ಅದನ್ನೇ ತಾನೇ ಬಡ್ಕೊಂಡಿದ್ದು? ನಿಂಗ್ಯಾಕೆ ಊರ ಉಸಾಬರಿ?" ಆದ್ದರಿಂದ ಮನೆಯಲ್ಲೂ ನನ್ನ ಕಡೆ ಯಾರಿಲ್ಲ, ನಿಮಗೆ ಸಮಾಧಾನವಾಗಲಿ.

ದೊಡ್ಡಪ್ಪ ಬರೆಸದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಅತಿಯ್ಯಾತ್ ಅತ್ತಿಗೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾವು ಮನೆಗಳಲ್ಲಿ ಕೇಳಿದ್ದನ್ನು ಹೊರಗೆ ಆಡುವ ಹಾಗಿಲ್ಲ, ತಂದೆಯಾದರೂ ಸರಿ. ಅವರು ಹೇಳಿದರು: "ಚಿಕ್ಕಮಾವನಿಗೆ ಬರಿ, ಬೇರೆ ಯಾರಿಗೂ ಬೇಡ. ನನ್ನ ಮದುವೇಲಿ ಪಲ್ಲಕ್ಕಿ ಜೊತೆ ಕುಣಿದೋರು ಅವರೊಬ್ಬರೇ."

ಬೇಸಿಗೆಯಲ್ಲಿ ಅವರ ಮಗಳು ಶಾದಿಯಾಳ ಲಸಿಕೆಗೆಂದು ಮನೆಗೆ ಹೋದೆ. ಅತ್ತಿಗೆ ಹಿಟ್ಟು ನಾದುತ್ತಿದ್ದರು. ಕುತ್ತಿಗೆಯ ಎರಡೂ ಕಡೆ ಬೆರಳಿನ ಗುರುತುಗಳಿದ್ದವು. ಮೆಟ್ಟಿಲಿಂದ ಬಿದ್ದೆ ಎಂದರು. ಮೆಟ್ಟಿಲಿಗೆ ಬೆರಳುಗಳಿರುವುದಿಲ್ಲ ಅಪ್ಪ. ಆದರೂ ನಾನು ವಾದ ಮಾಡಲಿಲ್ಲ, "ಅತ್ತಿಗೆ, ಈ ಮನೇಲಿ ನಿಮಗೆ ಭಯ ಆಗುತ್ತಾ?" ಎಂದಷ್ಟೇ ಕೇಳಿದೆ. ಅವರು ಹಿಟ್ಟು ನಾದುತ್ತಲೇ ಇದ್ದರು. ಆಮೇಲೆ ಕೈ ನಿಂತಿತು. ಮದುವೆಯಾಗಿ ಆರು ವರ್ಷವಾಯಿತು, ಇದನ್ನು ಯಾರೂ ಕೇಳಿರಲಿಲ್ಲ ಎಂದರು.

ನಾನು ತಲೆ ಕೆಡಿಸಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಲು ಇಷ್ಟವಿದೆಯೇ ಎಂದು ಕೇಳಿದೆ. ಇದೆ ಎಂದರು, ಜೊತೆಗೆ ಹೋದೆ. ಅಲ್ಲಿಂದ ತಾವಾಗಿಯೇ ನೈಲ್ ನದಿ ದಾಟಿ ತವರಿಗೆ ಹೋದರು. ಅಲ್ಲಿ ತಂದೆ ತಾಯಿ ಇಲ್ಲ, ಒಬ್ಬ ಅಣ್ಣನಿದ್ದಾನೆ. ಅವನು ಒಂದು ವಾರ ಇಟ್ಟುಕೊಂಡು, "ನನಗೂ ಹೆಂಡ್ತಿ ಮಕ್ಕಳಿದಾರೆ" ಎಂದು ತಾನೇ ದೋಣಿ ಹತ್ತಿಸಿ ಕಳಿಸಿದ. ಅತ್ತಿಗೆ ಮತ್ತೆ ಹಮ್ದಾನಣ್ಣನ ಮನೆಯಲ್ಲಿದ್ದಾರೆ.

ಅವರು ದೋಣಿಯಿಂದ ಇಳಿದದ್ದು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ನಮಗೆ ಕೆಲಸ ಕಲಿಸಿದ ಇಜ್ಲಾಲ್ ಅಕ್ಕನ ಹತ್ತಿರ ಹೋಗಿ, "ಇಷ್ಟೆಲ್ಲ ಆದಮೇಲೂ ವಾಪಸು ಹೋದ್ರಲ್ಲ, ನಾನು ಕೈ ಹಿಡಿದು ಎಳ್ಕೊಂಡು ಬರ್ತೀನಿ" ಎಂದೆ. ಇಜ್ಲಾಲ್ ಅಕ್ಕ ಚಹಾ ಲೋಟ ಕೆಳಗಿಟ್ಟು, "ಎಳ್ಕೊಂಡು ಬಾ. ಆಮೇಲೆ ಅವನಿಗೂ ನಿನಗೂ ಏನು ವ್ಯತ್ಯಾಸ ಅಂತ ನನಗೆ ಹೇಳು" ಎಂದರು. ಅವರಿಂದ ಬೈಸಿಕೊಂಡು ಬಂದಮೇಲೆ ನಾನು ಮತ್ತೆ ಮಾಮೂಲಿನಂತೆ ಅತ್ತಿಗೆಯ ಮನೆಗೆ ಹೋಗುತ್ತಿದ್ದೇನೆ. ದೊಡ್ಡಮ್ಮನ ರಕ್ತದೊತ್ತಡ ನೋಡುತ್ತೇನೆ, ಶಾದಿಯಾಳನ್ನು ತೂಗುತ್ತೇನೆ. ಅತ್ತಿಗೆಗೆ ಬಾಗಿಲು ತೆರೆದೇ ಇದೆ ಎಂದು ಗೊತ್ತಿದ್ದರೆ ಸಾಕು. ಯಾವಾಗ ಹೊರಡಬೇಕು ಎನ್ನುವುದು ಅವರಿಗೆ ಬಿಟ್ಟದ್ದು.

ಅಪ್ಪ, ಚೀಲ ವಾಪಸು ಕೊಡುವುದಿಲ್ಲ. ನಿಮ್ಮ ಮಾತು ಮೀರುತ್ತಿರುವುದು ಇದೇ ಮೊದಲು. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ನಿಮ್ಮ ಮಗಳು,
ರೌಹಿಯಾ

*

ನಜಾ ಸವಾಖಿ
20 ಜನವರಿ 1999

ಅಪ್ಪನಿಗೆ ಈದ್ ಶುಭಾಶಯಗಳು.

ನೀವು ಅಮ್ಮನಿಗೆ ಕಳಿಸಿದ ಕಾಗದ ಬಂತು. ಎಮ್ಮೆ ಹೇಗಿದೆ, ಛಾವಣಿಯ ಮರ ಗೆದ್ದಲು ಹಿಡಿದಿದೆಯೇ, ಕಬ್ಬು ಕಟಾವಿಗೆ ಬಂತೇ ಎಂದೆಲ್ಲ ಕೇಳಿದ್ದೀರಿ. ಅದನ್ನು ಓದಿ ಹೇಳಿದವಳು ನಾನೇ. ನನ್ನ ಹೆಸರು ಎಲ್ಲೂ ಇರಲಿಲ್ಲ. ಎಮ್ಮೆ ಚೆನ್ನಾಗಿದೆ.

ಹಬ್ಬದ ಬಿಸ್ಕತ್ತುಗಳನ್ನು ಊರಿನವರ ಕೈಲಿ ಕಳಿಸುತ್ತಿದ್ದೇನೆ. ಖರ್ಜೂರ ತುಂಬಿದವು ನಿಮಗೆ, ಸಕ್ಕರೆ ಉದುರಿಸಿದವು ನಿಮ್ಮ ಕೋಣೆಯವರಿಗೆ. ಅಮ್ಮ ಹಿಟ್ಟು ಕಲಸಿದಳು, ಅಚ್ಚು ಒತ್ತಿದ್ದು ನಾನು.

ಕೆಲಸ ನಡೆಯುತ್ತಿದೆ. ಮೊದಮೊದಲು ನಾನು ಬೀದಿಗೆ ಕಾಲಿಟ್ಟರೆ ಹೆಂಗಸರು ಬಾಗಿಲು ಎಳೆದುಕೊಳ್ಳುತ್ತಿದ್ದರು. ಈಗ ಮಾಳಿಗೆ ಮೇಲಿಂದ, "ರೌಹಿಯಾ ಬಂದ್ಲು, ಚಹಾ ಇಡ್ರೇ!" ಎಂದು ಕೂಗುತ್ತಾರೆ. ಎಲ್ಲ ಮನೆಯಲ್ಲೂ ಕುಡಿದು ಕುಡಿದು ಹೊಟ್ಟೆ ಚಹಾದ ಮಡಕೆಯಾಗಿದೆ. ಮಾತು ಶುರುವಾಗುವುದು ಯಾವಾಗಲೂ ಮಗುವಿನ ಭೇದಿಯಿಂದ. ಲೋಟ ಖಾಲಿಯಾಗುವ ಹೊತ್ತಿಗೆ ನಿಜವಾದ ಮಾತು ಬರುತ್ತದೆ. ನಾನು ಏನೂ ದೊಡ್ಡದು ಮಾಡುವುದಿಲ್ಲ ಅಪ್ಪ. ಕೂತು ಕೇಳುತ್ತೇನೆ, ನಿನ್ನ ತಪ್ಪಲ್ಲ ಎನ್ನುತ್ತೇನೆ, ಯಾರ ಹತ್ತಿರ ಹೋಗಬಹುದು ಎಂದು ತಿಳಿಸುತ್ತೇನೆ.

ಅತ್ತಿಗೆ ತಮ್ಮ ಗುರುತಿನ ಚೀಟಿಯನ್ನೂ ಶಾದಿಯಾಳ ಬಟ್ಟೆ ಕೆಲವನ್ನೂ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇಟ್ಟಿದ್ದಾರೆ. ಹಾಗೆ ಇಡಿ ಎಂದು ನಾನು ಹೇಳಲಿಲ್ಲ. ಇಟ್ಟರೆ ಒಳ್ಳೆಯದೇ ಎಂದು ಕೇಳಿದರು, ಹೌದು ಎಂದೆ.

ಮುಂದಿನ ಕಾಗದದಲ್ಲಿ ನನ್ನನ್ನೂ ಎಮ್ಮೆಯ ಪಕ್ಕದಲ್ಲಿ ಎಲ್ಲಾದರೂ ಸೇರಿಸಿ.

ರೌಹಿಯಾ

*

ನಜಾ ಸವಾಖಿ
9 ಮಾರ್ಚ್ 1999

ಏನ್ರೀ,

ನಾನು ಫೌಖಿಯಾ. ಬರೀತಿರೋದು ನಿಮ್ಮ ಮಗಳು, ಹೇಳ್ತಿರೋದು ನಾನು. ಒಂದು ಅಕ್ಷರ ಆಚೀಚೆ ಮಾಡಿದ್ರೆ ಕೈ ಮುರೀತೀನಿ ಅಂದಿದೀನಿ. ಅವಳ ವಿಷಯ ನಾನು ಹೇಳಿದಾಗ ನಾಚಿಕೊಂಡು ಬಿಟ್ಟುಬಿಡ್ತಾಳೆ ಅಂತ ಈ ಎಚ್ಚರಿಕೆ.

ಮೊನ್ನೆ ರೊಟ್ಟಿ ಬಡಿಯೋ ದಿನ. ಹಿಟ್ಟಿನ ಉಂಡೆಗಳನ್ನ ಬಿಸಿಲಿಗೆ ಇಟ್ಟಿದ್ದೆ, ಉಬ್ಬೋಕೆ. ಕಬ್ಬಿನ ಗದ್ದೆ ಕಡೆಯಿಂದ ಯಾರೋ ಬರ್ತಿದಾರೆ ಅನ್ನಿಸ್ತು. ನೋಡಿದ್ರೆ ಅತಿಯ್ಯಾತ್. ಕಾಲಲ್ಲಿ ಚಪ್ಪಲಿ ಇಲ್ಲ. ಒಂದು ಕೈಲಿ ಶಾದಿಯಾ, ಇನ್ನೊಂದು ಕೈ ಜೋತು ಬಿದ್ದಿದೆ, ಮುರಿದ ಕೊಂಬೆ ಥರ. ಕಬ್ಬಿನ ಗರಿ ಮುಖ ಎಲ್ಲ ಗೀರಿಹಾಕಿದೆ. ಹೊಸ್ತಿಲು ದಾಟಿ ಮಗೂನ ಕೆಳಗಿಳಿಸಿ, "ಅತ್ತೆ, ನಾನು ವಾಪಸು ಹೋಗೋಕೆ ಬಂದಿಲ್ಲ" ಅಂದ್ಲು. ಅಷ್ಟೇ ಅಂದಿದ್ದು.

ರೀ, ನಾನೂ ಎಷ್ಟು ಸಲ ಇವಳಿಗೆ ಸುಮ್ಮನಿರು ಅಂದಿದ್ದೆ. ಆ ಕೈ ನೋಡಿದ್ಮೇಲೆ ನನ್ನ ಬಾಯಿಗೆ ಆ ಮಾತು ಬರಲೇ ಇಲ್ಲ.

ರೌಹಿಯಾ ಕಿರುಚಲಿಲ್ಲ, ಅಳಲಿಲ್ಲ. ಮುಖ ತೊಳೆಸಿ, ತೋಳಿಗೆ ಹಲಗೆ ತುಂಡು ಕಟ್ಟಿ, ಕಬ್ಬು ಸಾಗಿಸೋ ಟ್ರ್ಯಾಕ್ಟರ್ ನಿಲ್ಲಿಸಿ ಆಸ್ಪತ್ರೆಗೆ ಕರ್ಕೊಂಡು ಹೋದ್ಲು. ಒಂದೊಂದು ಮಾಡೋ ಮುಂಚೆನೂ "ಅತ್ತಿಗೆ, ಮಾಡ್ಲಾ?" ಅಂತ ಕೇಳ್ತಾಳೆ. ಮೂಳೆ ಮುರಿದೋಳಿಗೆ ಇದೇನು ಉಪಚಾರ ಅನ್ಕೊಂಡೆ. ಆಮೇಲೆ ಗೊತ್ತಾಯ್ತು. ಆ ಹುಡುಗೀನ ಯಾರೂ ಏನನ್ನೂ ಕೇಳಿರಲಿಲ್ಲ ಅಲ್ವಾ, ಅದಕ್ಕೆ.

ಆಸ್ಪತ್ರೆಯಿಂದ ಠಾಣೆಗೆ. ನಾನೂ ಜೊತೆಗಿದ್ದೆ. ಅಲ್ಲಿ ಕೂತಿದ್ದೋನು, "ಮನೆ ಜಗಳ ತಾನೇ, ಮನೇಲೇ ಮುಗಿಸ್ಕೊಳ್ಳಿ, ಹೋಗಿ" ಅಂದ. ನಿಮ್ಮ ಮಗಳು, "ಸರಿ ಸಾರ್, ನಾವು ಕೂತಿರ್ತೀವಿ. ನಿಮಗೆ ಪುರುಸೊತ್ತಾದಾಗ ಬರ್ಕೊಳ್ಳಿ" ಅಂತ ಬೆಂಚಿನ ಮೇಲೆ ಕೂತ್ಲು. ಬುತ್ತಿ ಬಿಚ್ಚಿದ್ವಿ, ಚೀಸು, ಈರುಳ್ಳಿ. ಠಾಣೆ ತುಂಬ ಈರುಳ್ಳಿ ವಾಸನೆ. ಕೊನೆಗೆ ಅವನಿಗೇ ಸಾಕಾಗಿ ದೂರು ಬರ್ಕೊಂಡ.

ಮಾರನೇ ದಿನ ನಿಮ್ಮಣ್ಣ ನಾಲ್ಕು ಜನರನ್ನ ಕಟ್ಕೊಂಡು ಬಂದ್ರು. ಕೋಲು ನೆಲಕ್ಕೆ ಕುಟ್ಟಿ, "ಹೊರಗೆ ಕಳಿಸೇ ಅವಳನ್ನ!" ಅಂದ್ರು. ನಿಮ್ಮ ಮಗಳು ಹೊಸ್ತಿಲ ಮೇಲೆ ನಿಂತಿದ್ಲು. "ದೊಡ್ಡಪ್ಪ, ಬನ್ನಿ, ಚಹಾ ಕುಡೀರಿ. ಅತ್ತಿಗೆ ಬರ್ತಾರೋ ಇಲ್ವೋ, ಕೇಳ್ಕೊಂಡು ಬರ್ತೀನಿ" ಅಂತ ಒಳಗೆ ಹೋದ್ಲು. ನಿಜವಾಗ್ಲೂ ಕೇಳಿದ್ಲು. ಬಂದು, "ಬರಲ್ವಂತೆ, ದೊಡ್ಡಪ್ಪ. ಚಹಾಕ್ಕೆ ಸಕ್ಕರೆ ಎಷ್ಟು ಹಾಕ್ಲಿ?" ಅಂದ್ಲು. ಜೊತೆಗೆ ಬಂದಿದ್ದೋರಲ್ಲಿ ಒಬ್ಬ ನಗು ತಡ್ಕೊಳ್ಳೋಕಾಗದೆ ಕೆಮ್ಮಿದ.

ನಿಮ್ಮಣ್ಣನಿಗೆ ಮೈಯೆಲ್ಲ ಉರೀತು. "ಈ ಮನೇಲಿ ಗಂಡಸಿಲ್ಲ, ಅದಕ್ಕೇ ಹೆಂಗಸರಿಗೆ ಕೊಂಬು ಬಂದಿದೆ" ಅಂದ್ರು. ನಾನು ಅಲ್ಲಿವರೆಗೂ ಮೂಲೇಲಿದ್ದೆ. ಕೈ ತುಂಬ ಹಿಟ್ಟು, ಹಾಗೇ ಮುಂದೆ ಬಂದೆ. "ಭಾವ, ಈ ಮನೇಲಿ ಗಂಡಸಿದಾನೆ. ಕುವೈತ್ ಬಿಸಿಲಲ್ಲಿ ಗಾರೆ ಹಚ್ಚುತಾ ನಿಂತಿದಾನೆ. ಈ ಹೊಸ್ತಿಲು ಅವನದು. ಅವನು ಇಲ್ಲಿದ್ದಿದ್ರೂ ಅವಳನ್ನ ಹೊರಗೆ ಕಳಿಸ್ತಿರಲಿಲ್ಲ" ಅಂದೆ.

ಅಂದುಬಿಟ್ಟೆ ರೀ. ನಿಮ್ಮನ್ನ ಕೇಳದೆ ನಿಮ್ಮ ಹೆಸರಲ್ಲಿ ಮಾತು ಕೊಟ್ಟುಬಿಟ್ಟೆ. ಈಗ ನನ್ನನ್ನ ಸುಳ್ಳಿ ಮಾಡೋದೂ ಬಿಡೋದೂ ನಿಮ್ಮ ಕೈಲಿದೆ.

ಮಗಳು ಆ ಹೊಸ್ತಿಲ ಮೇಲೆ ನಿಂತಿದ್ದನ್ನ ನೀವು ನೋಡಬೇಕಿತ್ತು. ನಾನು ಹೆತ್ತಿದ್ದು ಇವಳನ್ನೇನಾ ಅನ್ನಿಸ್ತು. (ಅಪ್ಪ, ಇದನ್ನು ಬರೆಯಲೇಬೇಕು ಎಂದು ಬೆನ್ನಿಗೆ ಗುದ್ದುತ್ತಿದ್ದಾಳೆ. — ರೌ.)

ನಿಮ್ಮ,
ಫೌಖಿಯಾ

*

ಕುವೈತ್
4 ಏಪ್ರಿಲ್ 1999

ರೌಹಿಯಾ,

ನಿನ್ನಮ್ಮನ ಕಾಗದವನ್ನು ಕೆಲಸದ ಜಾಗದಲ್ಲೇ ಓದಿದೆ. ಕಲಸಿಟ್ಟ ಗಾರೆ ಗಟ್ಟಿಯಾಗಿ ಹೋಯಿತು, ಮೇಸ್ತ್ರಿಯಿಂದ ಬೈಸಿಕೊಂಡೆ.

ಹಮ್ದಾನ ಮಗುವಾಗಿದ್ದಾಗ ನಾನು ಹೆಗಲ ಮೇಲೆ ಕೂರಿಸಿಕೊಂಡು ನೈಲ್ ತೀರಕ್ಕೆ ಹೋಗುತ್ತಿದ್ದೆ. ನನ್ನ ಕೂದಲು ಹಿಡಿದುಕೊಂಡು ಕೂರುತ್ತಿದ್ದ. ಆ ಕೈಯೇ ಇದು ಮಾಡಿತು ಎಂದು ನಂಬಲು ನನಗೆ ಇಷ್ಟು ದಿನ ಬೇಕಾಯಿತು. ತಡವಾಗಿ ಬರೆಯುತ್ತಿರುವುದಕ್ಕೆ ಅದೇ ಕಾರಣ.

ಮಹ್ರೂಸಣ್ಣನಿಗೆ ನಿನ್ನೆ ಬರೆದು ಕಳಿಸಿದೆ. ಅತಿಯ್ಯಾತ್ ಇರುವುದು ನನ್ನ ಮನೆಯಲ್ಲಿ, ನನ್ನ ಮಾತಿನ ಮೇಲೆ. ಊರ ಪಂಚಾಯಿತಿ ಕೂತರೆ ಅವಳ ತವರಿನ ಸ್ಥಾನದಲ್ಲಿ ನಾನಿದ್ದೇನೆ, ನಾನಿಲ್ಲದ ಕಡೆ ನನ್ನ ಮಗಳು ಆಡಿದ್ದೇ ನನ್ನ ಮಾತು. ಹೀಗೆ ಬರೆದಿದ್ದೇನೆ. ಅವನಿಗೆ ಎದುರಾಗಿ ಬರೆದ ಮೊದಲ ಕಾಗದ ಇದು. ಅವನು ಇನ್ನು ನನ್ನ ಜೊತೆ ಮಾತಾಡಲಿಕ್ಕಿಲ್ಲ. ಅದು ನನಗೆ ಸಣ್ಣ ವಿಷಯವಲ್ಲ, ನಿನಗೆ ಗೊತ್ತಿರಲಿ.

ಮಾಳಿಗೆಯ ಮೇಲಿನ ಕೋಣೆಯನ್ನು ಅವಳಿಗೂ ಮಗುವಿಗೂ ಕೊಡಿ. ಗೋಡೆ ಎದ್ದಿದೆ, ಗಾರೆ ಆಗಿಲ್ಲ. ಪಶ್ಚಿಮದ ಕಿಟಕಿಗೆ ಬಾಗಿಲು ಹಚ್ಚಿಸು, ಸಂಜೆ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಸುಣ್ಣಕ್ಕೆ ಸ್ವಲ್ಪ ನೀಲಿ ಬೆರೆಸಿದರೆ ಸೊಳ್ಳೆ ಕಡಿಮೆ ಅನ್ನುತ್ತಾರೆ.

ನೀನು ಊಟ ಸರಿಯಾಗಿ ಮಾಡು. ಬರಿ ಚಹಾದಲ್ಲೇ ಇರಬೇಡ.

ಅಪ್ಪ

*

ನಜಾ ಸವಾಖಿ
18 ಜೂನ್ 1999

ಅಪ್ಪ,

ಪಂಚಾಯಿತಿ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಊರ ಯಜಮಾನ ಉಮ್ದಾ ಸಾಹೇಬರ ಚಾವಡಿಯಲ್ಲಿ ಸೇರಿದ್ದರು. ನಮ್ಮೂರ ಹಿರಿಯರು, ನದಿಯಾಚೆಯವರು, ದೊಡ್ಡಪ್ಪ, ಹಮ್ದಾನಣ್ಣ. ಹೆಂಗಸರು ಪಕ್ಕದ ಕೋಣೆಯಲ್ಲಿ ಕೂತು ಕೇಳುವುದು ವಾಡಿಕೆ. ಅಲ್ಲೇ ಕೂತಿದ್ದೆವು. ಹಮ್ದಾನಣ್ಣ ಹೇಳಿದ: "ಒಂದು ಏಟು ಹಾಕಿದೀನಿ, ಇಲ್ಲ ಅನ್ನಲ್ಲ. ಯಾರ ಮನೇಲಿ ಇಲ್ಲ? ಅವಳು ಬರಲಿ, ದೂರು ವಾಪಸು ತಗೊಳ್ಳಲಿ, ನಾನು ಎಲ್ಲ ಮರೀತೀನಿ." ತಾನೇ ದೊಡ್ಡ ಮನಸ್ಸು ಮಾಡಿದ ಹಾಗೆ.

ಅತ್ತಿಗೆ ನನ್ನ ಕಡೆ ನೋಡಿದರು. ಏನು ಹೇಳಲಿ ಎಂದು ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಎದ್ದು, ತಲೆವಸ್ತ್ರ ಸರಿಮಾಡಿಕೊಂಡು, ಬಾಗಿಲು ದಾಟಿ ಗಂಡಸರ ನಡುವೆ ಹೋಗಿ ನಿಂತರು. ಪ್ಲಾಸ್ಟರು ಬಿಚ್ಚಿದ ಕೈ ಇನ್ನೂ ಸಣ್ಣಗೆ ಬಿಳಿಚಿಕೊಂಡಿತ್ತು.

"ನಾನು ಸತ್ತಿದ್ರೆ ನೀವೆಲ್ಲ ಬಂದು ಕೂತು, ಪಾಪ ಒಳ್ಳೆಯವಳು ಅಂತಿದ್ರಿ. ಬದುಕಿದೀನಿ. ಈಗಲೇ ಕೇಳಿ" ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು, ಆರು ವರ್ಷದ್ದನ್ನೂ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಉಮ್ದಾ ಸಾಹೇಬರ ಕೈಯಲ್ಲಿ ಜಪಮಣಿ ನಿಂತುಹೋಗಿತ್ತು.

ದೊಡ್ಡಪ್ಪ ಎದ್ದು, "ಸುಳ್ಳು! ಇದನ್ನೆಲ್ಲ ನೋಡಿದೋರು ಯಾರು?" ಎಂದರು.

ಅಪ್ಪ, ಆಗ ನನ್ನ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ನನ್ನ ಭುಜ ಊರಿಕೊಂಡು ಎದ್ದರು. ಅವರ ಮಂಡಿ ನೋವು ನಿಮಗೆ ಗೊತ್ತಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, "ನಾನು ನೋಡಿದೀನಿ. ಗೋಡೆಯ ಈಚೆ ಮಲಗಿ ಕೇಳಿಸ್ಕೊಂಡಿದೀನಿ. ಅವನು ನಾನು ಹೆತ್ತ ಮಗ. ಅವಳು ಹೇಳಿದ್ದೆಲ್ಲ ನಿಜ" ಎಂದರು. ಅಷ್ಟು ತಿಂಗಳು ನಾನು ಅವರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದ್ದೇನೆ. ಸೊಸೆಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ, ಅವರೂ ಆಡಿರಲಿಲ್ಲ.

ದೊಡ್ಡಪ್ಪ ಕೋಲು ಹಿಡಿದು ಹೊರಗೆ ನಡೆದುಬಿಟ್ಟರು. ದೊಡ್ಡಮ್ಮನ ಹಿಂದೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ದಾಟಿಕೊಂಡು ಹೋದರು, ಮುಖ ನೋಡಲಿಲ್ಲ. ಅವರ ಬೆನ್ನು ಬಾಗಿದ್ದು ಕಂಡು ನನಗೆ ಸಂಕಟವಾಯಿತು. ನಿಮಗೂ ಆಗುತ್ತದೆ ಎಂದು ಗೊತ್ತು.

ತಲಾಖ್ ಆಯಿತು. ಶಾದಿಯಾ ತಾಯಿಯ ಹತ್ತಿರವೇ ಇರುತ್ತಾಳೆ, ಖರ್ಚು ಹಮ್ದಾನಣ್ಣ ಕೊಡಬೇಕು. ದೂರು ಹಿಂತೆಗೆದುಕೋ ಎಂದು ಹಿರಿಯರು ಎಷ್ಟೋ ಹೇಳಿದರು. ಅತ್ತಿಗೆ, "ಅದು ಕೋರ್ಟಿನಲ್ಲೇ ಮುಗೀಲಿ. ನಾಳೆ ಇನ್ನೊಬ್ಬಳನ್ನ ಮದುವೆ ಆಗ್ತಾನೆ, ಅವಳಿಗಾದ್ರೂ ಗೊತ್ತಿರಲಿ" ಎಂದರು. ಇಜ್ಲಾಲ್ ಅಕ್ಕ ಪಟ್ಟಣದಿಂದ ಒಬ್ಬ ವಕೀಲೆಯನ್ನು ಗೊತ್ತುಮಾಡಿದ್ದಾರೆ.

ಮೇಲಿನ ಕೋಣೆಗೆ ಅತ್ತಿಗೆಯೇ ಸುಣ್ಣ ಬಳಿದರು, ಒಂದೇ ಕೈಯಲ್ಲಿ, ಯಾರನ್ನೂ ಹತ್ತಿರ ಬಿಡಲಿಲ್ಲ. ನೀಲಿ ಜಾಸ್ತಿಯಾಗಿ ಕೋಣೆ ಆಕಾಶದ ಹಾಗಾಗಿದೆ. ಸೊಳ್ಳೆ ಮಾತ್ರ ಕಡಿಮೆಯಾಗಿಲ್ಲ. ಈಗ ಅಮ್ಮನೂ ಅವರೂ ಸೇರಿ ರೊಟ್ಟಿ ಸುಟ್ಟು ಸಂತೆಗೆ ಕಳಿಸುತ್ತಾರೆ. ಒಲೆಯ ಮುಂದೆ ದಿನಾ ಜಗಳ, ಉಪ್ಪು ಹೆಚ್ಚು, ಉಪ್ಪು ಕಡಿಮೆ ಎಂದು. ನಗುವುದೂ ಕೇಳಿಸುತ್ತದೆ.

ಆ ದಿನ ಅತ್ತಿಗೆ ನನ್ನನ್ನು ಏನೂ ಕೇಳದೆ ಬಾಗಿಲು ದಾಟಿದರಲ್ಲ, ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಅದು ನನ್ನ ಕೆಲಸದ ಹೆಮ್ಮೆಯೋ ಅವರ ಬಗೆಗಿನ ಹೆಮ್ಮೆಯೋ ಬೇರೆ ಮಾಡಲಾರೆ.

ನಿಮ್ಮ,
ರೌಹಿಯಾ

*

ಕುವೈತ್
2 ಸೆಪ್ಟೆಂಬರ್ 1999

ಪ್ರೀತಿಯ ಮಗಳು ರೌಹಿಯಾಳಿಗೆ,

ಹಮ್ದಾನನಿಗೆ ಶಿಕ್ಷೆಯಾದದ್ದು ತಿಳಿಯಿತು. ಸಂತೋಷವಾಗಲಿಲ್ಲ. ಸರಿಯಾಯಿತು ಅನ್ನಿಸಿತು. ಮಹ್ರೂಸಣ್ಣನಿಗೆ ಹಬ್ಬಕ್ಕೆಂದು ಶಾಲು ಕಳಿಸಿದ್ದೆ. ವಾಪಸು ಬರಲಿಲ್ಲ, ಉತ್ತರವೂ ಬರಲಿಲ್ಲ. ಇಟ್ಟುಕೊಂಡಿದ್ದಾನೆ ಎಂದುಕೊಂಡು ಇದ್ದೇನೆ.

ನಿನಗೆ ಒಂದು ಸಂಗತಿ ಹೇಳಬೇಕು. ನಮ್ಮ ಕೋಣೆಗೆ ಹೊಸಬನೊಬ್ಬ ಬಂದಿದ್ದಾನೆ, ಖಲಫ್ ಎಂದು, ನಮ್ಮೂರ ಎದುರಿನ ದಡದವನು. ಕಬ್ಬಿಣ ಕಟ್ಟುವ ಕೆಲಸ. ಮೈಕಟ್ಟು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಕಳೆದ ಶುಕ್ರವಾರ ಎಲ್ಲರೂ ರಜೆಯಲ್ಲಿ ಅಡಿಗೆಗೆ ಕೂತಿದ್ದೆವು. ನಾನು ಸೊಪ್ಪು ಹೆಚ್ಚುತ್ತಿದ್ದೆ. ಅವನು ಊರ ಸುದ್ದಿ ತೆಗೆದ. "ನಮ್ಮ ಕಡೆ ಒಬ್ಬಳು ಹುಡುಗಿ ಚೀಲ ನೇತಾಕ್ಕೊಂಡು ದೋಣೀಲಿ ನದಿ ದಾಟಿ ಬರ್ತಾಳೆ. ಅವಳು ಬಂದು ಹೋದ್ಮೇಲೆ ನನ್ನ ಹೆಂಡ್ತಿ ಎದುರು ಮಾತಾಡೋದು ಕಲ್ತಿದಾಳೆ. ಅಂಥವಳನ್ನ ಬೀದಿಗೆ ಬಿಟ್ಟಿದಾನಲ್ಲ, ಅವಳಪ್ಪನಿಗೆ ಮೀಸೆ ಇದೆಯೋ ಇಲ್ವೋ!" ಎಂದ. ಎಲ್ಲರೂ ನಕ್ಕರು. ನನ್ನ ಕೋಣೆಯ ಹಳಬರು ಮಾತ್ರ ನಗಲಿಲ್ಲ, ನನ್ನ ಮುಖ ನೋಡಿದರು.

ನಾನು ಚಾಕು ಕೆಳಗಿಟ್ಟೆ. ಕೈ ಒರೆಸಿಕೊಂಡೆ. ಎದ್ದು ಅವನ ಮುಂದೆ ಹೋಗಿ ಬಗ್ಗಿ ಮುಖಕ್ಕೆ ಮುಖ ಕೊಟ್ಟು, "ಇದೆ, ನೋಡು. ಬೇಕಿದ್ರೆ ಎಳೆದು ನೋಡು. ಅವಳ ಹೆಸರು ರೌಹಿಯಾ. ನಾನು ಅವಳಪ್ಪ" ಎಂದೆ.

ಹುಡುಗನ ಮುಖ ಬಿಳಿಚಿತು. ಕೋಣೆ ಇಡೀ ಮಹಡಿಗೆ ಕೇಳುವಂತೆ ನಕ್ಕಿತು. ಈಗ ಕಟ್ಟಡದ ಮೇಲೆಲ್ಲ ನನ್ನನ್ನು ಅಬು ರೌಹಿಯಾ, ರೌಹಿಯಾಳ ಅಪ್ಪ, ಎಂದೇ ಕೂಗುತ್ತಾರೆ. ಗಂಡುಮಗನ ಹೆಸರಲ್ಲಿ ಕರೆಸಿಕೊಳ್ಳುವವರ ನಡುವೆ ನಾನೊಬ್ಬ ಮಗಳ ಹೆಸರಿನವನು. ಮೊದಲು ತಮಾಷೆಗೆ ಕೂಗಿದರು. ನಾನು ಪ್ರತಿ ಸಲವೂ 'ಓ' ಎನ್ನುತ್ತೇನೆ. ಈಗ ಮೇಸ್ತ್ರಿಯೂ ಹಾಗೇ ಕರೆಯುತ್ತಾನೆ.

ಖಲಫ್ ನಾಲ್ಕು ದಿನ ನನ್ನ ಹತ್ತಿರ ಸುಳಿಯಲಿಲ್ಲ. ನಿನ್ನೆ ಬೆಳಿಗ್ಗೆ ಲಾರಿಗೆ ಕಾಯುತ್ತ ನಿಂತಿದ್ದಾಗ ಪಕ್ಕಕ್ಕೆ ಬಂದ. ಮರಳು ಕಾಲಿಂದ ಕೆದಕುತ್ತ ನಿಂತಿದ್ದ. ಆಮೇಲೆ, "ಅಬು ರೌಹಿಯಾ, ನಾನು ಇಲ್ಲಿಗೆ ಬರೋ ಮುಂಚೆ ಹೆಂಡ್ತಿ ಮೇಲೆ ಕೈ ಮಾಡಿದೀನಿ. ಒಂದು ಸಲ ಅಲ್ಲ. ಈಗ ಫೋನ್ ಮಾಡಿದ್ರೆ ಮಗಳು ನನ್ನ ಧ್ವನಿ ಕೇಳಿ ಅಳ್ತಾಳೆ. ನಿಮ್ಮ ಮಗಳು ಹೆಂಗಸರಿಗೆ ಹೇಳೋದು ಇರಲಿ. ನನ್ನಂಥೋನು ಈಗ ಏನು ಮಾಡ್ಬೇಕು, ಅದು ನಿಮ್ಮ ಮಗಳಿಗೆ ಗೊತ್ತಾ?" ಎಂದು ಕೇಳಿದ.

ಅಷ್ಟರಲ್ಲಿ ಲಾರಿ ಬಂತು. ಇಬ್ಬರೂ ಹತ್ತಿದೆವು. ಮಗಳೇ, ಬರಿ ಬೈದುಬಿಟ್ಟರೆ ಅವನು ಮತ್ತೆ ಕೇಳುವುದಿಲ್ಲ. ಬೆನ್ನು ತಟ್ಟಿದರೆ ಅವನ ಹೆಂಡತಿಗೆ ನಾನು ದ್ರೋಹ ಮಾಡಿದ ಹಾಗಲ್ಲವೇ?

ಇನ್ನು ದಿನಾ ಸಂಜೆ ಅವನು ಬಂದು ಪಕ್ಕದಲ್ಲಿ ಕೂರುತ್ತಾನೆ. ಬೇಗ ಬರೆ, ನಾನು ಏನು ಹೇಳಲಿ?

ನಿನ್ನ,
ಅಬು ರೌಹಿಯಾ